ಪರದೆಯ ಅಡಿಯ ಎರಡು ಸಾಲು



ಸಿನಿಮಾ ಕೂಡಿಡುವ ಮನೆಗಳು ಈಗ ಊರೂರಿನಲ್ಲೂ ಇವೆ. ಹಳೆಯ ವಿಸಿಡಿ, ಡಿವಿಡಿಗಳಿಂದ ಇಳಿಸಿಕೊಂಡ ಕನ್ನಡ ಚಿತ್ರಗಳು, ಮದುವೆ ಮುಂಜಿಯ ವಿಡಿಯೊಗಳು, ಮೊಮ್ಮಗಳ ಶಾಲೆಯ ನಾಟಕ, ಆಸೆಪಟ್ಟು ಕೊಂಡ ಜಪಾನಿ, ಇರಾನಿ ಚಿತ್ರಗಳು ಎಲ್ಲವೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಸೇರಿಕೊಂಡಿರುತ್ತವೆ. ಚಿತ್ರ ಸ್ವಚ್ಛವಾಗಿದೆಯೇ, ದನಿ ಸರಿಯಾಗಿ ಕೇಳುತ್ತದೆಯೇ ಎಂದು ಎಲ್ಲರೂ ನೋಡಿಕೊಳ್ಳುತ್ತಾರೆ. ಪರದೆಯ ಅಡಿಯಲ್ಲಿ ಬಂದು ಹೋಗುವ ಎರಡು ಸಾಲು ಅಕ್ಷರಗಳ ಕಡೆಗೆ, ಅಂದರೆ ಸಬ್‌ಟೈಟಲ್ ಕಡೆಗೆ, ಗಮನ ಹರಿಯುವುದು ಕಡಿಮೆ. ಅದು ಹೊಂದದೇ ಹೋದರೆ ‘ಆಫ್ ಮಾಡು ಅತ್ಲಾಗೆ’ ಎಂದು ಮುಗಿಸಿಬಿಡುತ್ತೇವೆ. ಈ ಎರಡು ಸಾಲಿನ ಯೋಗಕ್ಷೇಮವೇ ಇವತ್ತಿನ ನನ್ನ ವಿಷಯ. ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಸಬ್‌ಟೈಟಲನ್ನು ಚಿತ್ರದೊಳಗೆ ಕರಗಿಸಬೇಡಿ. ಅದನ್ನು ಅಕ್ಷರವಾಗಿಯೇ, ಯೂನಿಕೋಡಿನಲ್ಲಿ, ಪ್ರತ್ಯೇಕವಾಗಿ ಉಳಿಸಿಕೊಳ್ಳಿ.

ಹೀಗೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಬ್‌ಟೈಟಲ್ ನಮ್ಮ ಮನೆಗೆ ಬರುವುದು ಮೂರು ರೂಪದಲ್ಲಿ. ಒಂದು, ಚಿತ್ರದ ಮೇಲೆಯೇ ಅಚ್ಚಾಗಿ ಹೋಗಿರುವುದು. ಇದಕ್ಕೆ ಹಾರ್ಡ್‌ಸಬ್ ಎನ್ನುತ್ತಾರೆ. ವಿಸಿಡಿ ಕಾಲದಲ್ಲಿ ಇದನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1993ರಲ್ಲಿ ಬಂದ ಆ ತಟ್ಟೆಯಲ್ಲಿ ಸುಮಾರು 74 ನಿಮಿಷದ ಚಿತ್ರ ಹಿಡಿಯುತ್ತಿತ್ತು. ಹಾಗಾಗಿ ನಮ್ಮ ಎರಡೂವರೆ ಗಂಟೆಯ ಸಿನಿಮಾ ಎರಡು ಮೂರು ತಟ್ಟೆಗಳಲ್ಲಿ ಹಂಚಿಹೋಗುತ್ತಿತ್ತು. ಸಬ್‌ಟೈಟಲಿಗೆಂದು ಬೇರೆ ಜಾಗವನ್ನು ಅದರಲ್ಲಿ ಇಟ್ಟೇ ಇರಲಿಲ್ಲ. ನಾಯಕಿಯ ಮುಖದ ಮೇಲೆ ಹಳದಿ ಇಂಗ್ಲಿಷ್ ಅಕ್ಷರ ಒಮ್ಮೆ ಕೂತರೆ ಅದು ಅಲ್ಲೇ. ಅದನ್ನು ಅಳಿಸಲೂ ಆಗದು, ತಿದ್ದಲೂ ಆಗದು.

ಎರಡನೆಯದು ಡಿವಿಡಿ ಮತ್ತು ಬ್ಲೂ-ರೇಗಳಲ್ಲಿರುವ ರೂಪ. ಡಿವಿಡಿಯಲ್ಲಿ 32 ಸಬ್‌ಟೈಟಲ್ ಟ್ರ್ಯಾಕುಗಳವರೆಗೆ ಇಡಬಹುದು. ರಿಮೋಟ್ ಒತ್ತಿದರೆ ಇಂಗ್ಲಿಷ್, ಮತ್ತೊಮ್ಮೆ ಒತ್ತಿದರೆ ಫ್ರೆಂಚ್, ಇನ್ನೊಮ್ಮೆ ಒತ್ತಿದರೆ ಏನೂ ಇಲ್ಲ. ನೋಡುವವರಿಗೆ ಅವು ಅಕ್ಷರಗಳಂತೆಯೇ ಕಾಣುತ್ತವೆ. ತಟ್ಟೆಯೊಳಗೆ ಮಾತ್ರ ಪ್ರತಿಯೊಂದು ಮಾತೂ ಒಂದು ಪುಟ್ಟ ಚಿತ್ರ. ಯಾವ ಸಾಲಿನಲ್ಲಿ ‘ಮಳೆ’ ಎಂಬ ಮಾತಿದೆ ಎಂದು ಹುಡುಕಿದರೆ ಕಂಪ್ಯೂಟರಿಗೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಅಕ್ಷರವೇ ಇಲ್ಲ. ಅಕ್ಷರ ದಪ್ಪ ಮಾಡಲು ಹೋದರೆ ಅಂಚುಗಳು ಒಡೆಯುತ್ತವೆ.

ಮೂರನೆಯದು ಬರೀ ಪಠ್ಯ. ಇದರ ಅತಿ ಸರಳ ರೂಪ ಎಸ್‌ಆರ್‌ಟಿ. ಸಬ್‌ರಿಪ್ ಎಂಬ ತಂತ್ರಾಂಶದಿಂದ ಈ ಹೆಸರು ಬಂತು. ಡಿವಿಡಿಯಲ್ಲಿನ ಪುಟ್ಟ ಚಿತ್ರಗಳನ್ನು ಓದಿ ಅಕ್ಷರಕ್ಕಿಳಿಸುವುದು ಆ ತಂತ್ರಾಂಶದ ಕೆಲಸವಾಗಿತ್ತು. ಎಸ್‌ಆರ್‌ಟಿ ಕಡತವೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಮೊದಲ ಸಾಲಿನಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ. ಎರಡನೆಯ ಸಾಲಿನಲ್ಲಿ ಎರಡು ಸಮಯಗಳು, ನಡುವೆ ಅಡ್ಡಗೆರೆಗಳಿಂದ ಮಾಡಿದ ಬಾಣ: 00:12:41,200ರಿಂದ 00:12:44,000ರವರೆಗೆ. ಗಂಟೆ, ನಿಮಿಷ, ಸೆಕೆಂಡು, ಅಲ್ಪವಿರಾಮದ ಆಚೆಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗಗಳು. ಅದರ ಕೆಳಗೆ ಮಾತು. ಆಮೇಲೆ ಒಂದು ಖಾಲಿ ಸಾಲು. ಮತ್ತೆ ಮುಂದಿನ ಸಂಖ್ಯೆ, ಮುಂದಿನ ಸಮಯ, ಮುಂದಿನ ಮಾತು. ಇಷ್ಟೇ. ಓದು ಬರಹ ಬಲ್ಲ ಯಾರು ಬೇಕಾದರೂ ಇದನ್ನು ತಿದ್ದಬಹುದು, ಹೊಸದಾಗಿ ಬರೆಯಲೂಬಹುದು. ಎರಡೂವರೆ ಗಂಟೆಯ ಚಿತ್ರದ ಎಲ್ಲ ಮಾತೂ ಸೇರಿದರೂ ಫೋನಿನಲ್ಲಿ ತೆಗೆದ ಒಂದು ಫೋಟೊದಷ್ಟು ಜಾಗ ಬೇಕಾಗುವುದಿಲ್ಲ. ಪುಟ್ಟದು, ಬಡಕಲು ಎನ್ನಿಸುವಂಥದ್ದು. ನನ್ನ ಮಟ್ಟಿಗೆ ಮನೆಯ ಸಂಗ್ರಹದಲ್ಲಿ ಬಹುಕಾಲ ಬಾಳುವ ಕಡತ ಇದೇ.

ಇನ್ನು ಈ ಎಲ್ಲವನ್ನೂ ತುಂಬಿಡುವ ಡಬ್ಬಿಯ ಮಾತು. ಎವಿಐ, ಎಂಪಿ4, ಎಂಕೆವಿ ಎಂದು ಕಡತದ ಹೆಸರಿನ ಕೊನೆಗೆ ಇರುತ್ತದಲ್ಲ, ಅದು ಡಬ್ಬಿಯ ಹೆಸರು ಮಾತ್ರ. ಊಟದ ಕ್ಯಾರಿಯರ್ ನೋಡಿ ಒಳಗೆ ಚಿತ್ರಾನ್ನವೋ ಮೊಸರನ್ನವೋ ಎಂದು ಹೇಳಲಾಗದ ಹಾಗೆ, ಒಳಗಿನ ಚಿತ್ರ ಯಾವ ವಿಧಾನದಲ್ಲಿ ಅಡಕವಾಗಿದೆ ಎಂಬುದನ್ನು ಆ ಮೂರಕ್ಷರ ಹೇಳುವುದಿಲ್ಲ. ಎವಿಐ ಎಂದು ಇರುವುದನ್ನು ಎಂಪಿ4 ಎಂದು ಹೆಸರು ಬದಲಿಸಿದರೆ ಟಿವಿಯಲ್ಲಿ ಓಡೀತು ಎಂದು ಎಷ್ಟೋ ಮಂದಿ ಮಾಡುತ್ತಾರೆ. ಹೆಸರು ಬದಲಾಗುತ್ತದೆ, ಒಳಗಿನದು ಇದ್ದ ಹಾಗೇ ಇರುತ್ತದೆ.

ಎವಿಐ 1992ರ ಡಬ್ಬಿ. ಅದರಲ್ಲಿ ಸಬ್‌ಟೈಟಲಿಗೆ ಸರಿಯಾದ ಜಾಗವಿಲ್ಲ. ಎಂಪಿ4 ಹೆಚ್ಚುಕಡಿಮೆ ಎಲ್ಲ ಫೋನು, ಎಲ್ಲ ಟಿವಿಗಳಲ್ಲೂ ಓಡುತ್ತದೆ. ಸರಳ ಪಠ್ಯದ ಸಬ್‌ಟೈಟಲನ್ನು ಹೊತ್ತುಕೊಳ್ಳುತ್ತದೆ, ಬ್ಲೂ-ರೇಯ ಚಿತ್ರರೂಪದ ಸಬ್‌ಟೈಟಲಿಗೆ ಅದರಲ್ಲಿ ಎಡೆಯಿಲ್ಲ. ಎಂಕೆವಿ, ಪೂರ್ತಿ ಹೆಸರು ಮಟ್ರೋಸ್ಕಾ, 2002ರಲ್ಲಿ ಶುರುವಾದದ್ದು. ಎಷ್ಟು ಭಾಷೆಯ ದನಿ ಬೇಕಾದರೂ, ಎಷ್ಟು ಸಬ್‌ಟೈಟಲ್ ಬೇಕಾದರೂ, ಅಧ್ಯಾಯಗಳೂ, ಅಕ್ಷರ ತೋರಿಸಲು ಬೇಕಾದ ಫಾಂಟು ಕೂಡ ಅದರೊಳಗೆ ಹೋಗುತ್ತವೆ. ಯಾವ ಕಂಪನಿಯ ಸ್ವತ್ತೂ ಅಲ್ಲ. ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ 2024ರಲ್ಲಿ ಅದರ ವಿವರಣೆಯನ್ನು ಮಾನಕ ದಾಖಲೆಯಾಗಿ ಪ್ರಕಟಿಸಿತು. ಬಹುಕಾಲ ಇಟ್ಟುಕೊಳ್ಳುವ ಪ್ರತಿಗೆ ನಾನು ಎಂಕೆವಿಯನ್ನೇ ಆರಿಸುತ್ತೇನೆ.

ಎಂಕೆವಿ ಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಚಿತ್ರ, ದನಿ, ಸಬ್‌ಟೈಟಲ್ ಮೂರನ್ನೂ ಮುಟ್ಟದೆ, ಬೇರೆ ಡಬ್ಬಿಯಿಂದ ಎಂಕೆವಿಗೆ ದಾಟಿಸುತ್ತದೆ. ಕೆಲವೇ ನಿಮಿಷದ ಕೆಲಸ, ಗುಣಮಟ್ಟ ಎಳ್ಳಷ್ಟೂ ಕುಂದುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬುದು ಬೇರೆ ಜಾತಿ. ಅದು ಚಿತ್ರವನ್ನು ಬಿಚ್ಚಿ ಮತ್ತೆ ಅಡಕ ಮಾಡುತ್ತದೆ. ಹೊತ್ತು ಹಿಡಿಯುತ್ತದೆ, ಪ್ರತಿ ಸಲವೂ ಚಿತ್ರದ ಸೂಕ್ಷ್ಮ ಸ್ವಲ್ಪ ಕಳೆಯುತ್ತದೆ. ಡಬ್ಬಿ ಬದಲಿಸುವುದಷ್ಟೇ ಬೇಕಾಗಿದ್ದಾಗ ಹ್ಯಾಂಡ್‌ಬ್ರೇಕ್ ಹಿಡಿಯುವ ಅಗತ್ಯವಿಲ್ಲ.

ಸಬ್‌ಟೈಟಲ್ ಡಬ್ಬಿಯ ಒಳಗಿರಬೇಕೋ ಪಕ್ಕದಲ್ಲಿರಬೇಕೋ ಎಂದು ಕೇಳುವವರಿದ್ದಾರೆ. ನನ್ನ ಒಲವು ಪಕ್ಕದ ಕಡತಕ್ಕೆ. ಒಂದು ಕಾಗುಣಿತ ತಿದ್ದಬೇಕಾದರೆ ಪಕ್ಕದ ಕಡತವನ್ನು ತೆರೆದು ಅರೆನಿಮಿಷದಲ್ಲಿ ತಿದ್ದಬಹುದು. ಒಳಗಿದ್ದರೆ ನಾಲ್ಕು ಜಿಬಿಯ ಡಬ್ಬಿಯನ್ನೇ ಹೊಸದಾಗಿ ಕಟ್ಟಬೇಕು, ಬ್ಯಾಕಪ್ಪಿಗೂ ಅಷ್ಟನ್ನೂ ಮತ್ತೆ ನಕಲು ಮಾಡಬೇಕು. ಪರ ಊರಿನ ನೆಂಟರಿಗೆ ಮನೆಯ ವಿಡಿಯೊ ಕಳಿಸುವಾಗ ಮಾತ್ರ ಒಳಗೇ ಸೇರಿಸಿ ಕಳಿಸಿ. ಎರಡು ಕಡತ ಕಳಿಸಿದರೆ ಒಂದು ದಾರಿಯಲ್ಲೇ ತಪ್ಪಿಹೋಗುತ್ತದೆ.

ಈಗ ಎಲ್ಲರನ್ನೂ ಕಾಡುವ ತೊಂದರೆಗೆ ಬರುತ್ತೇನೆ. ಮಾತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ತಂದೆ ಅಳುತ್ತಿರುವಾಗ ಹಿಂದಿನ ದೃಶ್ಯದ ತಮಾಷೆ ಪರದೆಯ ಮೇಲೆ ಬರುತ್ತದೆ. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಜಿ ಮತ್ತು ಎಚ್ ಕೀಲಿಗಳನ್ನು ಒತ್ತಿ ಸಬ್‌ಟೈಟಲನ್ನು ಹಿಂದೆ ಮುಂದೆ ಸರಿಸಬಹುದೆಂದು ಕೆಲವರಿಗೆ ಗೊತ್ತಿದೆ. ಒಂದು ಒತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಅದು ಆ ಹೊತ್ತಿನ ಉಪಾಯ, ಕಡತ ಹಾಗೇ ಉಳಿಯುತ್ತದೆ. ಒತ್ತುವ ಮೊದಲು ರೋಗ ಯಾವುದೆಂದು ತಿಳಿದುಕೊಳ್ಳುವುದು ಮುಖ್ಯ. ಚಿತ್ರದ ಆರಂಭದಲ್ಲಿ ಒಂದು ಮಾತು, ಮುಗಿಯುವ ಹೊತ್ತಿನಲ್ಲಿ ಒಂದು ಮಾತು, ಎರಡನ್ನೂ ನೋಡಿ ಅಂತರ ಬರೆದುಕೊಳ್ಳಿ.

ಎರಡೂ ಕಡೆ ಅಂತರ ಒಂದೇ ಇದ್ದರೆ ಸುಲಭ. ನಿಮ್ಮ ಪ್ರತಿಯ ಮೊದಲಿಗೆ ಹಂಚಿಕೆದಾರರ ಲಾಂಛನವೋ ಸೆನ್ಸಾರ್ ಪ್ರಮಾಣಪತ್ರವೋ ಹೆಚ್ಚಿಗೆ ಇದೆ ಅಥವಾ ಬಿಟ್ಟುಹೋಗಿದೆ, ಅಷ್ಟೇ. ಮಧ್ಯಂತರದವರೆಗೆ ಸರಿಯಿದ್ದು ಆಮೇಲೆ ಒಮ್ಮೆಗೇ ತಪ್ಪಿದರೆ, ನಡುವೆ ಏನೋ ಸೇರಿದೆ ಅಥವಾ ಕತ್ತರಿಸಿದೆ. ನಮ್ಮ ದೇಶದಲ್ಲಿ ತಂಬಾಕು ಬಳಕೆ ತೋರಿಸುವ ಚಿತ್ರಗಳಿಗೆ ಆರಂಭದಲ್ಲೂ ಮಧ್ಯದಲ್ಲೂ ತಂಬಾಕು ವಿರೋಧಿ ಸಂದೇಶ ಸೇರಿಸುವ ನಿಯಮವಿದೆ. ಹೊರದೇಶದ ಡಿಸ್ಕಿಗೆಂದು ಮಾಡಿದ ಸಬ್‌ಟೈಟಲ್ ಇಲ್ಲಿನ ಪ್ರತಿಗೆ ಹೊಂದದಿರುವುದಕ್ಕೆ ಇದೂ ಒಂದು ಕಾರಣವಾಗಬಹುದು. ಆಗ ಅಲ್ಲಿಂದ ಮುಂದಿನ ಸಾಲುಗಳನ್ನಷ್ಟೇ ಸರಿಸಬೇಕು.

ಅಂತರ ಸ್ವಲ್ಪಸ್ವಲ್ಪವೇ ಬೆಳೆಯುತ್ತ ಹೋದರೆ ಅದು ವೇಗದ ರೋಗ. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ನಮ್ಮ ದೇಶ, ಯುರೋಪಿನ ಹೆಚ್ಚಿನ ದೇಶಗಳು ಅನುಸರಿಸಿದ ಪಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25. ಡಿಸ್ಕಿಗೆ ಇಳಿಸುವಾಗ ಎಷ್ಟೋ ಸಲ 24ರ ಚಿತ್ರವನ್ನು ಹಾಗೇ 25ರ ವೇಗದಲ್ಲಿ ಓಡಿಸಿಬಿಡುತ್ತಾರೆ. ನೋಡುವಾಗ ಗೊತ್ತಾಗುವುದಿಲ್ಲ, ದನಿ ಒಂದಿಷ್ಟು ಕೀರಲಾಗಿರುತ್ತದೆ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. 24ರ ಪ್ರತಿಗೆ ಬರೆದ ಸಬ್‌ಟೈಟಲನ್ನು ಇದಕ್ಕೆ ಹಾಕಿದರೆ ಮೊದಲ ದೃಶ್ಯ ಸರಿಯಾಗಿಯೇ ಇರುತ್ತದೆ. ಒಂದು ಗಂಟೆಯ ಗುರುತಿರುವ ಸಾಲು 2 ನಿಮಿಷ 24 ಸೆಕೆಂಡು ತಡವಾಗಿ ಬರುತ್ತದೆ. ಚಿತ್ರ ಮುಗಿದ ಮೇಲೂ ಆರು ನಿಮಿಷದ ಮಾತು ಬಾಕಿ ಉಳಿದಿರುತ್ತದೆ. ಇದಕ್ಕೆ ಜಿ, ಎಚ್ ಒತ್ತಿ ಪ್ರಯೋಜನವಿಲ್ಲ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಕಡತ ತೆರೆದು, ಚೌಕಟ್ಟಿನ ವೇಗವನ್ನು 24ರಿಂದ 25ಕ್ಕೆ ಬದಲಿಸಿದರೆ ಎಲ್ಲ ಸಾಲುಗಳೂ ಒಟ್ಟಿಗೇ ದಾರಿಗೆ ಬರುತ್ತವೆ. ವೇಗ ಎಷ್ಟೆಂದು ಗೊತ್ತಾಗದಿದ್ದರೂ ಚಿಂತೆಯಿಲ್ಲ. ಮೊದಲ ಮಾತು ಇಲ್ಲಿ, ಕೊನೆಯ ಮಾತು ಅಲ್ಲಿ ಎಂದು ಎರಡು ಜಾಗ ತೋರಿಸಿದರೆ ನಡುವಿನದನ್ನು ಅದೇ ಲೆಕ್ಕ ಹಾಕಿ ಹಂಚುತ್ತದೆ.

ಇಷ್ಟೆಲ್ಲ ರಿಪೇರಿ ಸಾಧ್ಯವಾಗುವುದು ಸಬ್‌ಟೈಟಲ್ ಪ್ರತ್ಯೇಕ ಪಠ್ಯವಾಗಿದ್ದರೆ ಮಾತ್ರ ಎಂಬುದನ್ನು ಗಮನಿಸಿ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಸಂಸ್ಕರಿಸಿ ಮರುಜೀವ ಕೊಟ್ಟ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಹಳೆಯ ಕನ್ನಡ ಚಿತ್ರಗಳು ಹೀಗೆ ಒಂದೊಂದಾಗಿ ಒಳ್ಳೆಯ ಪ್ರತಿಗಳಲ್ಲಿ ಬಂದಾವೆಂದು ನಾವೆಲ್ಲ ಕಾಯುತ್ತಿದ್ದೇವೆ. ಹಳೆಯ ಮಸುಕು ಪ್ರತಿಗೆ ಶ್ರದ್ಧೆಯಿಂದ ಬರೆದ ಸಬ್‌ಟೈಟಲ್ ಪಠ್ಯವಾಗಿ ಉಳಿದಿದ್ದರೆ ಹೊಸ ಪ್ರತಿಗೂ ಅದನ್ನು ಹೊಂದಿಸಿಕೊಳ್ಳಬಹುದು. ಚಿತ್ರದ ಮೇಲೆ ಅಚ್ಚಾಗಿ ಹೋಗಿದ್ದರೆ ಆ ಶ್ರಮ ಮಸುಕು ಪ್ರತಿಯ ಜೊತೆಗೇ ಹೋಯಿತು.

ಕನ್ನಡದ ಸಬ್‌ಟೈಟಲಿಗೆ ಇನ್ನೊಂದು ಗಂಡಾಂತರವಿದೆ, ಇಂಗ್ಲಿಷಿನವರಿಗೆ ಇಲ್ಲದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ಮಾಡುತ್ತಿದ್ದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಆದರೆ ಆ ಫಾಂಟಿನಲ್ಲಿ ಬರೆದ ಸಬ್‌ಟೈಟಲನ್ನು ಇವತ್ತು ಟಿವಿಗೆ ಹಾಕಿದರೆ ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ತನ್ನದೇ ಸ್ಥಾನ ಕೊಟ್ಟಿದೆ. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ, ಉಳಿಸುವಾಗ ಯುಟಿಎಫ್-8 ಎಂಬುದನ್ನು ಆರಿಸಿ. ಹಳೆಯ ವಿಂಡೋಸ್ ಇರುವವರು ಇಲ್ಲಿ ಬಹಳ ಎಚ್ಚರ ವಹಿಸಬೇಕು. ಅದರ ನೋಟ್‌ಪ್ಯಾಡ್ ತಾನಾಗಿ ಆನ್ಸಿ ಎಂಬ ರೀತಿಯಲ್ಲಿ ಉಳಿಸುತ್ತಿತ್ತು. ಕನ್ನಡ ಪಠ್ಯವನ್ನು ಹಾಗೆ ಉಳಿಸಿದರೆ ಒಂದೊಂದು ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ, ಕಡತ ಮುಚ್ಚಿದ ಮೇಲೆ ಮರಳಿ ಪಡೆಯುವ ದಾರಿಯಿಲ್ಲ. 2019ರ ನಂತರದ ವಿಂಡೋಸ್ 10ರಲ್ಲಿ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8 ಬಳಸುತ್ತದೆ.

ಕಡತ ಸರಿಯಿದ್ದರೂ ಟಿವಿ ಸರಿಯಿರಬೇಕಲ್ಲ. ಕೆಲವು ಟಿವಿಗಳಲ್ಲಿ ಕನ್ನಡದ ಫಾಂಟೇ ಇರುವುದಿಲ್ಲ, ಸಾಲಾಗಿ ಖಾಲಿ ಚೌಕಗಳು ಬರುತ್ತವೆ. ಇನ್ನು ಕೆಲವಲ್ಲಿ ಫಾಂಟಿದ್ದರೂ ಒತ್ತಕ್ಷರ ಕೂಡಿಸುವ ಬುದ್ಧಿ ಇರುವುದಿಲ್ಲ, ವ್ಯಂಜನಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಹೊಸ ಟಿವಿ ಇಲ್ಲವೇ ಅದಕ್ಕೆ ಜೋಡಿಸುವ ಹೊಸ ಪೆಟ್ಟಿಗೆ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ‘ಕರ್ನಾಟಕ ರಾಷ್ಟ್ರ ಸ್ತ್ರೀ ಜ್ಞಾನ’ ಎಂದು ನಾಲ್ಕು ಮಾತು ಬರೆದ ಎಸ್‌ಆರ್‌ಟಿಯನ್ನೂ ಒಂದು ಪುಟ್ಟ ವಿಡಿಯೊವನ್ನೂ ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ಯಿರಿ. ಅರ್ಕಾವತ್ತು ಸರಿಯಾಗಿ ಕೂತು, ರಾಷ್ಟ್ರದ ಎರಡು ಒತ್ತುಗಳೂ ಒತ್ತುಗಳಾಗಿಯೇ ಬಂದರೆ ಆ ಯಂತ್ರ ಕನ್ನಡಕ್ಕೆ ಲಾಯಕ್ಕು. ಅಂಗಡಿಯವರು ಬೇಡವೆನ್ನುವುದಿಲ್ಲ. ಈಗಾಗಲೇ ಕೊಂಡ ಟಿವಿ ಕನ್ನಡ ತೋರಿಸದಿದ್ದರೆ ಕೋಡಿ ಅಥವಾ ವಿಎಲ್‌ಸಿ ಪ್ಲೇಯರ್ ಹಾಕಬಹುದಾದ ಪುಟ್ಟ ಪೆಟ್ಟಿಗೆಯೊಂದನ್ನು ಅದಕ್ಕೆ ಜೋಡಿಸಿ. ಅದೂ ಆಗದ ಮನೆಯಲ್ಲಿ, ಅಜ್ಜಿ ನೋಡಲೆಂದು ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚು ಮಾಡಿದ ಒಂದು ಹೆಚ್ಚುವರಿ ಪ್ರತಿ ಮಾಡಿಕೊಡುವುದರಲ್ಲಿ ತಪ್ಪಿಲ್ಲ. ಮೂಲವನ್ನು ಮಾತ್ರ ಮುಟ್ಟಬೇಡಿ.

ಡಿಸ್ಕಿನ ಚಿತ್ರರೂಪದ ಸಬ್‌ಟೈಟಲನ್ನು ಪಠ್ಯ ಮಾಡಿಕೊಳ್ಳಲೂ ಸಬ್‌ಟೈಟಲ್ ಎಡಿಟ್ ನೆರವಾಗುತ್ತದೆ. ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ಯಂತ್ರ ಅದರ ಜೊತೆ ಕೆಲಸ ಮಾಡುತ್ತದೆ, ಕನ್ನಡವನ್ನೂ ಓದುತ್ತದೆ. ಪ, ಫ, ಷಗಳಂಥ ಅಕ್ಷರಗಳಲ್ಲಿ, ಒತ್ತುಗಳಲ್ಲಿ ಅದು ಎಡವೀತು. ಹಾಗಾಗಿ ಒಮ್ಮೆ ಕಣ್ಣಾಡಿಸಲೇಬೇಕು. ಜೆಲ್ಲಿಫಿನ್‌ನಂಥ ಮನೆಯ ಸರ್ವರ್ ಇಟ್ಟುಕೊಂಡವರಿಗಂತೂ ಈ ಕೆಲಸ ಅಗತ್ಯ. ಅನೇಕ ಟಿವಿಗಳಿಗೆ ಚಿತ್ರರೂಪದ ಸಬ್‌ಟೈಟಲ್ ತೋರಿಸಬೇಕಾದಾಗ ಸರ್ವರ್ ಇಡೀ ಸಿನಿಮಾವನ್ನೇ ಆ ಗಳಿಗೆಯಲ್ಲಿ ಹೊಸದಾಗಿ ಅಡಕ ಮಾಡಬೇಕಾಗುತ್ತದೆ, ಚಿಕ್ಕ ಕಂಪ್ಯೂಟರ್ ಅಷ್ಟು ಭಾರ ಎಳೆಯಲಾರದೆ ಚಿತ್ರ ನಿಂತುನಿಂತು ಬರುತ್ತದೆ. ಪಠ್ಯವಾದರೆ ಆ ಗೋಜಿಲ್ಲ.

ಹೆಸರಿಡುವುದರಲ್ಲಿ ಒಂದು ಶಿಸ್ತು ಬೇಕು. ಪ್ರತಿ ಚಿತ್ರಕ್ಕೂ ಒಂದು ಫೋಲ್ಡರ್, ಅದರ ಮೇಲೆ ಚಿತ್ರದ ಹೆಸರು ಮತ್ತು ಆವರಣದಲ್ಲಿ ವರ್ಷ. ವರ್ಷ ಏಕೆಂದು ‘ಸತ್ಯ ಹರಿಶ್ಚಂದ್ರ’ವನ್ನು ನೋಡಿದರೆ ತಿಳಿಯುತ್ತದೆ. ಕನ್ನಡದಲ್ಲೇ 1943ರದ್ದೊಂದು, ರಾಜ್‌ಕುಮಾರ್ ಅಭಿನಯದ 1965ರದ್ದೊಂದು. ಅದೇ 1965ರಲ್ಲಿ ಎನ್.ಟಿ. ರಾಮರಾವ್ ಅಭಿನಯದ ತೆಲುಗಿನದೂ ಇದೆ. ರಾಜ್‌ಕುಮಾರ್ ಚಿತ್ರಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದ್ದೂ ಇದೆ. ಬರೀ ಹೆಸರು ಬರೆದಿಟ್ಟರೆ ಯಾವುದರ ಸಬ್‌ಟೈಟಲ್ ಯಾವುದಕ್ಕೆ? ಆದ್ದರಿಂದ ವರ್ಷ, ಭಾಷೆ, ಬೇಕಿದ್ದರೆ ‘ಬಣ್ಣದ ಪ್ರತಿ’ ಎಂಬ ಗುರುತು. ಸಬ್‌ಟೈಟಲ್ ಕಡತಕ್ಕೆ ಸಿನಿಮಾ ಕಡತದ ಹೆಸರನ್ನೇ ಅಕ್ಷರ ಬಿಡದೆ ಇಟ್ಟು, ಚುಕ್ಕೆ ಹಾಕಿ ಭಾಷೆಯ ಸಂಕೇತ ಸೇರಿಸಿ. ಕನ್ನಡಕ್ಕೆ ಕೆ ಎನ್, ಇಂಗ್ಲಿಷಿಗೆ ಇ ಎನ್. ವಿಎಲ್‌ಸಿ, ಕೋಡಿ, ಜೆಲ್ಲಿಫಿನ್ ಎಲ್ಲವೂ ಹೆಸರು ನೋಡಿಯೇ ಜೋಡಿಯನ್ನು ಗುರುತಿಸುತ್ತವೆ.

ನನಗೆ ಅತಿ ಮುಖ್ಯವೆನಿಸುವುದು ಇನ್ನೊಂದಿದೆ. ಸಬ್‌ಟೈಟಲ್ ಬೇರೆ ಭಾಷೆಯ ಚಿತ್ರಕ್ಕೆ ಮಾತ್ರ ಎಂದು ತಿಳಿಯಬೇಡಿ. ಕಿವಿ ಮಂದವಾದ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಕನ್ನಡ ಚಿತ್ರಕ್ಕೆ ಕನ್ನಡದ್ದೇ ಅಕ್ಷರವಿದ್ದರೆ, ಬಾಗಿಲು ಬಡಿದ ಸದ್ದು, ದೂರದಲ್ಲಿ ಶಂಖನಾದ ಎಂಬುದನ್ನೂ ಆವರಣದಲ್ಲಿ ಬರೆದಿದ್ದರೆ, ಅವರೂ ಮನೆಯವರ ಜೊತೆ ಕೂತು ನೋಡುತ್ತಾರೆ. 2015ರ ‘ತಿಥಿ’ಯ ಮಂಡ್ಯ ಸೀಮೆಯ ಹಳ್ಳಿ ಮಾತು ಬೀದರಿನ ಕಿವಿಗೆ ಪೂರ್ತಿ ದಕ್ಕಬೇಕೆಂದರೂ ಕೆಳಗೆರಡು ಸಾಲಿದ್ದರೆ ಅನುಕೂಲ.

ಧಾರವಾಡ ಕಡೆಯ ನಮ್ಮ ದೊಡ್ಡವ್ವ ಹೋಳಿಗೆ ಮಾಡುವುದನ್ನು ಮನೆಯ ಹುಡುಗರು ಫೋನಿನಲ್ಲಿ ಹಿಡಿದಿದ್ದಾರೆ. ‘ಹಂಗಲ್ಲವ್ವಾ, ಮೊದಲ ಕಣಕ ನಾದಿ ಇಡಬೇಕ, ಆಮ್ಯಾಲ ಹೂರಣ’ ಎಂದು ಅವರು ಯಾರನ್ನೋ ತಿದ್ದುತ್ತಾರೆ. ಅಮೆರಿಕದಲ್ಲಿ ಬೆಳೆದ ಮರಿಮಗಳಿಗೆ ಈ ಮಾತು ಅರ್ಧವೂ ತಿಳಿಯದು. ನಾವು ಅದಕ್ಕೆ ಎರಡು ಸಬ್‌ಟೈಟಲ್ ಬರೆದೆವು. ಒಂದು ಕನ್ನಡದಲ್ಲಿ, ದೊಡ್ಡವ್ವನ ನುಡಿಯನ್ನು ಒಂದಕ್ಷರವೂ ‘ತಿದ್ದದೆ’. ಇನ್ನೊಂದು ಇಂಗ್ಲಿಷಿನಲ್ಲಿ. ಹುಡುಗಿ ಮೊದಲು ಇಂಗ್ಲಿಷ್ ಹಾಕಿ ನೋಡಿದಳು, ಆಮೇಲೆ ಕನ್ನಡಕ್ಕೆ ಬದಲಿಸಿಕೊಂಡು ಕಣಕ, ನಾದು ಎಂಬ ಮಾತುಗಳನ್ನು ಫೋನಿನಲ್ಲಿ ದೊಡ್ಡವ್ವನ ಬಳಿಯೇ ಕೇಳಿ ಕಲಿತಳು. ಬರೆಯುವಾಗ ನಾವು ಪಾಲಿಸಿದ್ದು ಕೆಲವೇ ನಿಯಮ. ಒಮ್ಮೆಗೆ ಎರಡು ಸಾಲು ಮೀರಬಾರದು, ಸಾಲಿಗೆ ಹೆಚ್ಚೆಂದರೆ ನಲವತ್ತು ಅಕ್ಷರ. ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು, ಒಂದು ಸೆಕೆಂಡಿಗಿಂತ ಕಡಿಮೆ ಬೇಡ. ಸಾಲು ಮುರಿಯುವುದು ಅರ್ಥ ನಿಲ್ಲುವ ಕಡೆಯಲ್ಲಿ ಮಾತ್ರ.

ಹೆಗ್ಗೋಡಿನಲ್ಲಿ 1973ರಲ್ಲಿ ಶುರುವಾದ ನೀನಾಸಂ ಚಿತ್ರಸಮಾಜ ಜಗತ್ತಿನ ಸಿನಿಮಾಗಳನ್ನು ಹಳ್ಳಿಯ ಜನರ ಮುಂದೆ ತಂದಿಟ್ಟಿತು. ಆ ಕಾಲದಲ್ಲಿ ಜಪಾನಿ ಚಿತ್ರವೊಂದಕ್ಕೆ ಮನೆಯಲ್ಲಿ ಕೂತು ಕನ್ನಡ ಸಬ್‌ಟೈಟಲ್ ಬರೆಯುವುದು ಊಹೆಗೂ ಮೀರಿದ್ದು. ಇವತ್ತು ಒಂದು ಸಾಧಾರಣ ಕಂಪ್ಯೂಟರ್, ಒಂದು ಉಚಿತ ತಂತ್ರಾಂಶ ಸಾಕು. ನಾನು ಹೇಳುತ್ತಿರುವುದು ನೀವು ದುಡ್ಡು ಕೊಟ್ಟು ಕೊಂಡ ಡಿಸ್ಕುಗಳ, ನಿಮ್ಮದೇ ಮನೆಯ ವಿಡಿಯೊಗಳ ಮಾತು. ಸಿನಿಮಾ ಮಾಡಿದವರ ದುಡಿಮೆಗೆ ಕನ್ನ ಹಾಕುವುದು ಬೇಡ.

ನಿಮ್ಮಲ್ಲಿ ಒಂದು ಬೇಡಿಕೆ. ಈ ವಾರ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಹಿರಿಯರ ದನಿಯಿರುವ ವಿಡಿಯೊ ಒಂದನ್ನು ಹುಡುಕಿ. ಹತ್ತು ನಿಮಿಷದ್ದಾದರೂ ಸಾಕು. ಅದರ ಮಾತುಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆದು, ಅದೇ ಹೆಸರಿನ ಎಸ್‌ಆರ್‌ಟಿಯಾಗಿ ಪಕ್ಕದಲ್ಲಿಡಿ, ಒಂದು ನಕಲನ್ನು ಬೇರೆ ಡಿಸ್ಕಿನಲ್ಲೂ ಇಡಿ. ಎಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲವೋ, ಯಾವ ಪದ ತಿಳಿಯುವುದಿಲ್ಲವೋ, ಆ ಹಿರಿಯರು ಇರುವಾಗಲೇ ಅವರ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳಿ.